ಅಭ್ಯಾಸದ ರೋಗಿ

ಜರ್ಮನಿಯ ಆಸ್ಪತ್ರೆಯೊಂದರಲ್ಲಿ ಶಶಿರೇಖಾಳಿಗೆ ನರ್ಸ್ ಕೆಲಸ ಕಾದಿತ್ತು. ಆದರೆ ಜರ್ಮನ್ ಮಾತನಾಡುವ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಳು. ಈ ಸಲವೂ ಹೋದರೆ ಕೆಲಸ ಕೈತಪ್ಪಿದ ಹಾಗೆಯೇ. ಮಾತಾಡಿ ರೂಢಿಯಾಗಲೆಂದು ಅಮ್ಮನನ್ನೇ ರೋಗಿಯಾಗಿ ಕೂರಿಸಿಕೊಂಡು, ಅವಳ ಬಾಯಿಗೂ ನಾಲ್ಕು ಜರ್ಮನ್ ಮಾತು ತುರುಕಿದಳು.

“ಎಲ್ಲಿ ನೋವು?” ಎಂದು ಜರ್ಮನ್‌ನಲ್ಲಿ ಕೇಳಿದಳು.

ಅಮ್ಮ ಎದೆ ಮುಟ್ಟಿಕೊಂಡಳು. “ಇದಕ್ಕೇನಂತಾರೆ?”

“ಪುಸ್ತಕದಲ್ಲಿ ಹೊಟ್ಟೆನೋವು ಅಂತಿದೆ, ಅಮ್ಮಾ!”

“ಇರ್ಲಿ, ಎದೆಗೇನಂತಾರೆ ಹೇಳ್ಕೊಡೇ.”

“ಬ್ರುಸ್ಟ್. ಸರಿಯಾಗಿ ಹೇಳು. ನಂಗಿದು ಕೊನೇ ಸಲ, ತಲೆ ಕೆಡಿಸ್ಬೇಡ.”

ಅಂದಿನಿಂದ ಅಮ್ಮ ದಿನವೂ ಎದೆ ಹಿಡಿದುಕೊಂಡು ಅದನ್ನೇ ಹೇಳಿದಳು. ಹೇಳುವಾಗ ಒಮ್ಮೊಮ್ಮೆ ಬೆವರುತ್ತಲೂ ಇದ್ದಳು. ಶಶಿರೇಖಾ ಉಚ್ಚಾರಣೆ ತಿದ್ದಿದಳು, ನಟನೆಯನ್ನು ಮೆಚ್ಚಿಕೊಂಡಳು.

ಪಾಸಾದ ದಿನ ಓಡಿಬಂದು ಅಮ್ಮನನ್ನು ತಬ್ಬಿಕೊಂಡಳು. “ಮುಗೀತಮ್ಮಾ! ಇನ್ಮೇಲೆ ನೀನು ಜರ್ಮನ್ ಮಾತಾಡೋದೇ ಬೇಡ.”

ಅಮ್ಮನ ಕೈ ಎದೆಯ ಮೇಲೇ ಇತ್ತು.

“ಹಾಗಾದ್ರೆ ಇನ್ನು ಕನ್ನಡದಲ್ಲೇ ಹೇಳ್ಲೇನೇ, ಶಶಿ?”