ಎದುರು ಮನೆಯ ತಾರಸಿ

ನಿರಂಜನನ ಫೋಟೋ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಕಾವ್ಯಶ್ರೀಯ ಕಟ್ಟಡ ಹಿಂದಕ್ಕೆ ವಾಲಿಕೊಂಡು ನಿಂತಿತ್ತು. ದುರ್ಗದ ಹಳೇ ಪೇಟೆಯ ಓಣಿಯಲ್ಲಿ ಎದ್ದ ಮೂರು ಅಂತಸ್ತಿನ ಲೇಡೀಸ್ ಹಾಸ್ಟೆಲ್ ಅದು. ಅವಳು ಸ್ವಂತವಾಗಿ ನಕ್ಷೆ ಬರೆದು ಕಟ್ಟಿಸಿದ ಮೊದಲ ಕಟ್ಟಡ. ಫೋಟೋದಲ್ಲಿ ಮಾತ್ರ ಯಾರಾದರೂ ಕೆಮ್ಮಿದರೂ ಹಿತ್ತಲಿಗೆ ಬಿದ್ದುಹೋಗುವ ಹಾಗೆ ಕಾಣುತ್ತಿತ್ತು. ಬೆಳಿಗ್ಗೆ ಸೂರ್ಯ ಕಟ್ಟಡದ ಹಿಂದಿದ್ದಾಗ ತೆಗೆದದ್ದರಿಂದ ಮುಂಭಾಗವೆಲ್ಲ ಕಪ್ಪು, ಆಕಾಶವೆಲ್ಲ ಬಿಳಿಚಿಕೊಂಡಿತ್ತು.

"ಓಣಿ ಇಕ್ಕಟ್ಟು ಮೇಡಂ. ಕೆಳಗೆ ನಿಂತು ಕ್ಯಾಮೆರಾ ಮೇಲಕ್ಕೆತ್ತಿದ್ರೆ ಹಿಂಗೇ ಆಗೋದು," ಎನ್ನುತ್ತ ನಿರಂಜನ್ ಹೊಳಲ್ಕೆರೆಯ ಮದುವೆ ಆಲ್ಬಂ ಬದಿಗಿಟ್ಟು ಮೌಸ್ ಹಿಡಿದ. ಚಿತ್ರದ ಮೇಲಿನ ಎರಡು ಮೂಲೆಗಳನ್ನು ಹೊರಕ್ಕೆ ಎಳೆದ. ಗೋಡೆಗಳೇನೋ ನೆಟ್ಟಗಾದವು, ಆದರೆ ಮೇಲಿನ ಕಿಟಕಿಗಳು ಉದ್ದುದ್ದವಾಗಿ ಬೆಪ್ಪುಮೋರೆ ಹಾಕಿಕೊಂಡವು, ಪಕ್ಕದ ಮೆಟ್ಟಿಲು ಚಿತ್ರದಿಂದಲೇ ಆಚೆ ಹೋಯಿತು. ಕಪ್ಪಾಗಿದ್ದ ಮುಂಭಾಗಕ್ಕೆ ಬೆಳಕು ಏರಿಸಿದರೆ, ಅವಳು ಆಸೆಪಟ್ಟು ಸಂದು ಸಂದು ಬಿಟ್ಟು ಕಟ್ಟಿಸಿದ್ದ ಇಟ್ಟಿಗೆಯ ಜಾಲಿಯ ಮೇಲೆಲ್ಲ ರಾಗಿಹಿಟ್ಟು ಚೆಲ್ಲಿದಂತೆ ಚುಕ್ಕಿಗಳೆದ್ದವು.

ಕಾವ್ಯಶ್ರೀಗೆ ಅಳು ಬರುವುದೊಂದು ಬಾಕಿ. ಹೊಸಬರು ಕಟ್ಟಿದ ಮೊದಲ ಕಟ್ಟಡಗಳ ಪ್ರದರ್ಶನವೊಂದಿತ್ತು, ಫೋಟೋ ಕಳಿಸಲು ಅಂದೇ ಕೊನೆಯ ದಿನ. ಇದು ತಪ್ಪಿದರೆ ಮುಂದಿನ ವರ್ಷಕ್ಕೆ ಮತ್ತೊಂದು ಮೊದಲ ಕಟ್ಟಡವನ್ನು ಎಲ್ಲಿಂದ ತರುವುದು?

"ಇದನ್ನ ಇನ್ನೂ ಎಳೆದ್ರೆ ನಿಮ್ಮ ಕಟ್ಟಡನೇ ಅಲ್ಲ ಅನ್ನಂಗೆ ಆಗ್ತೈತೆ," ಎಂದ ನಿರಂಜನ್. "ಅರ್ಧ ಎತ್ತರದಾಗೆ, ನೇರ ಎದುರಿಗೆ ನಿಂತು ತೆಗೀಬೇಕು. ಬಿಸಿಲು ನಮ್ಮ ಬೆನ್ನಿಗಿರಬೇಕು. ಆ ಎದುರು ಮನೆ ತಾರಸಿ ಸಿಕ್ಕಿದ್ರೆ ಸಾಕಿತ್ತು."

ಅವಳ ಮುಖ ಇಳಿಯಿತು. ಎದುರು ಮನೆ ಹುಚ್ಚಕ್ಕನದು. ಹಾಸ್ಟೆಲ್ ಏಳುತ್ತಿದ್ದಾಗ ಸಿಮೆಂಟಿನ ಧೂಳೆಲ್ಲ ತಾರಸಿಯ ಮೇಲೆ ಒಣಗಲಿಟ್ಟ ಸಂಡಿಗೆಗೆ ಬಿದ್ದು, ಆಯಮ್ಮ ಬೇಸಿಗೆ ಮುಗಿಯುವವರೆಗೂ ಓಣಿಗೆ ಕೇಳುವಂತೆ ಬೈದಿದ್ದಳು. ಕಾವ್ಯಶ್ರೀಯೇನು ಕಡಿಮೆಯೇ, ಅವಳೂ ನಾಲ್ಕು ಮಾತು ಬಿಟ್ಟಿದ್ದಳು. ಅಂದಿನಿಂದ ಇಬ್ಬರೂ ಎದುರಾದರೆ ಒಬ್ಬರು ಆಕಾಶ ನೋಡುತ್ತಿದ್ದರು, ಇನ್ನೊಬ್ಬರು ಚರಂಡಿ ನೋಡುತ್ತಿದ್ದರು. ಆದರೂ ಹೊತ್ತು ಇಳಿಯತೊಡಗಿದಾಗ ಅವಳೇ ಹೋಗಿ ಆ ಮನೆಯ ಬಾಗಿಲು ತಟ್ಟಿದಳು. ಬೆನ್ನ ಹಿಂದೆ ಟ್ರೈಪಾಡ್ ಹೊತ್ತ ನಿರಂಜನ್ ಇದ್ದ.

"ಏನವ್ವ ಇಂಜಿನಿಯರಮ್ಮ, ನಮ್ಮನಿ ಮ್ಯಾಲೂ ಒಂದಂತಸ್ತು ಏರ್ಸಾಣ ಅಂತ ಬಂದ್ಯಾ?"

"ಇಲ್ಲಕ್ಕಾ. ಹಾಸ್ಟೆಲ್ ಫೋಟೋ ತೆಗಿಯಾಕೆ ನಿಮ್ಮ ತಾರಸಿ ಬೇಕಿತ್ತು. ಬೇರೆ ಎಲ್ಲಿ ನಿಂತ್ರೂ ಕಟ್ಟಡ ಸೊಟ್ಟ ಕಾಣ್ತೈತೆ."

"ಸೊಟ್ಟನಾ? ಯಾರಂದೋರು?" ತನ್ನದೇ ಮನೆಯನ್ನು ಯಾರೋ ಹಳಿದರೆಂಬಂತೆ ಹುಚ್ಚಕ್ಕ ಕೆರಳಿದಳು. "ಬರ್ರಿ ಮ್ಯಾಕೆ, ಬರ್ರಿ. ಬಿಸಿಲು ಈಗ ಸರಿಯಾಗಿ ಬಿದ್ದೈತೆ. ಒಂಚೂರು ತಡ ಮಾಡಿದ್ರೆ ನಮ್ಮನಿ ನೆಳ್ಳು ಅದರ ಮ್ಯಾಲೆ ಏರ್ತೈತೆ."

ತಾರಸಿಯಲ್ಲಿ ಹಳೆಯ ಕಬ್ಬಿಣದ ಕುರ್ಚಿಯೊಂದು ಹಾಸ್ಟೆಲಿಗೇ ಮುಖ ಮಾಡಿಕೊಂಡಿತ್ತು. ಕಾವ್ಯಶ್ರೀ ಅದನ್ನೇ ನೋಡುತ್ತಿರುವುದು ಹುಚ್ಚಕ್ಕನಿಗೆ ತಿಳಿಯಿತು.

"ಬೈಯಾಕೆ ಅಂತ್ಲೇ ಹಾಕ್ಕಂಡಿದ್ದೆ ಕಣವ್ವ. ಬೈಕಂತ ಬೈಕಂತ ನೋಡಾದು ರೂಢಿ ಆತು. ಆ ಇಟ್ಗಿ ಸಂದ್ಯಾಗೆ ಗಾಳಿ ಆಡ್ತೈತೆ, ಬೆಳಕು ಹೋಗ್ತೈತೆ. ಒಳಗೆ ಹೆಣ್ಣುಡುಗ್ರು ತಲೆ ಬಿಚ್ಕಂಡು ಓದ್ಕಂತ ಕುಂತಿದ್ರೂ ಓಣಿ ಗಂಡಸ್ರಿಗೆ ಒಂದು ಕೂದ್ಲೂ ಕಾಣಲ್ಲ. ಯಾರ ತಲ್ಯಾಗೆ ಹೊಳೀತಪ್ಪ ಇದು ಅನ್ಕಂತಿದ್ದೆ. ನಿನ್ನ ತಲೇನೇ ಅಂತ ಗೊತ್ತಿತ್ತು, ಅದ್ಕೇ ಬಾಯಿ ಬಿಡ್ಲಿಲ್ಲ."

ಹಾಸ್ಟೆಲಿನ ಮಾಲೀಕರೂ ಕಾಲೇಜಿನ ಮೇಷ್ಟ್ರುಗಳೂ ಆ ಜಾಲಿಯನ್ನು ಚಂದವಿದೆ ಎಂದಿದ್ದರು. ಅದು ಯಾತಕ್ಕೆ ಇದೆ ಎಂದು ಒಬ್ಬರೂ ಹೀಗೆ ಕಂಡು ಹೇಳಿರಲಿಲ್ಲ. ತನ್ನನ್ನು ಅಷ್ಟು ಬೈದ ಈ ಹೆಂಗಸಿನ ಮೇಲೆ ಕಾವ್ಯಶ್ರೀಗೆ ಒಮ್ಮೆಲೇ ಪ್ರೀತಿ ಉಕ್ಕಿತು.

"ಅಕ್ಕಾ, ಅವತ್ತು ನಾನು ಹಂಗೆಲ್ಲ ಮಾತಾಡಬಾರದಿತ್ತು..."

"ಅದೆಲ್ಲ ಆಮ್ಯಾಕೆ. ಬಿಸಿಲು ಹೋಗ್ತೈತೆ, ಮೊದ್ಲು ತೆಗಸು," ಎಂದು ಹುಚ್ಚಕ್ಕ ಗದರಿದಳು.

ನಿರಂಜನ್ ಕ್ಯಾಮೆರಾವನ್ನು ಜಾಲಿಗೆ ನೇರವಾಗಿ ನಿಲ್ಲಿಸಿ ಒತ್ತಿದ. ಪುಟ್ಟ ಪರದೆಯಲ್ಲಿ ಕಟ್ಟಡ ಯಾರೂ ಎಳೆಯದೆ, ಹಿಗ್ಗಿಸದೆ ನೆಟ್ಟಗೆ ನಿಂತಿತ್ತು. ಒಂದೊಂದು ಇಟ್ಟಿಗೆಯ ಅಂಚಿನಲ್ಲೂ ಬಿಸಿಲು ಕೂತಿತ್ತು. "ಅಬ್ಬಾ!" ಎಂದ. ಎಷ್ಟು ಮದುವೆಗೆ ಹೋದರೂ ಒಬ್ಬ ಮದುಮಗಳನ್ನು ಕಂಡೂ ಅವನು ಹಾಗೆ ಅಂದವನಲ್ಲ. ಮರುಗಳಿಗೆಯಲ್ಲೇ ಚಿತ್ರವನ್ನು ದೊಡ್ಡದು ಮಾಡಿ ಹುಬ್ಬು ಗಂಟಿಕ್ಕಿದ. ನಡು ಅಂತಸ್ತಿನ ಕಿಟಕಿಯ ಗಾಜಿನಲ್ಲಿ ಎದುರು ತಾರಸಿಯ ಹುಚ್ಚಕ್ಕ ಮೂಡಿದ್ದಳು, ಸೊಂಟದ ಮೇಲೆ ಕೈಯಿಟ್ಟುಕೊಂಡು.

ಹುಚ್ಚಕ್ಕ ಪರದೆಗೆ ಕಣ್ಣು ಹಚ್ಚಿದಳು. "ಅಯ್ಯೋ ಶಿವನೇ! ಆ ಹೊಸ್ತಿಲು ತುಳಿಯಲ್ಲ ಅಂತ ಓಣಿಗೆಲ್ಲ ಸಾರ್ಕಂಡು ಬಂದಿದ್ದೆ. ಈಗ ನೋಡಿದ್ರೆ ಒಳಗೇ ನಿಂತಿದೀನಲ್ಲೇ!"

"ಬಿಡ್ರಿ ಅಕ್ಕಾ," ನಿರಂಜನ್ ಸಮಾಧಾನ ಹೇಳಿದ. "ಕಂಪ್ಯೂಟರಿನಾಗೆ ಅಳಿಸಿಬಿಡ್ತೀನಿ. ನೀವಿದ್ರಿ ಅಂತ ಗೊತ್ತೇ ಆಗಲ್ಲ."

"ಅಳಿಸ್ತೀಯಾ?" ಹುಚ್ಚಕ್ಕ ಅವನನ್ನು ದುರುಗುಟ್ಟಿ ನೋಡುತ್ತಲೇ ಕೆದರಿದ ಮುಡಿಯನ್ನು ಬಿಗಿದು ಕಟ್ಟಿಕೊಂಡಳು. "ತಡಿಯಪ್ಪ, ಸೆರಗು ಸರಿ ಮಾಡ್ಕಂತೀನಿ. ಇನ್ನೊಂದು ತೆಗಿ."