ಗೌಜಲಹಕ್ಕಿಗಳ ಬೋಗುಣಿ

ಸರ್ಕಾರಿ ಗಣಕಯಂತ್ರದ ಭೂಮಾದರಿಯಿಂದ ಪ್ರತಿ ಯುಗಾದಿಗೆ ಚೀಟಿ ಬರುತ್ತಿತ್ತು. ಗುಡ್ಡದ ಇಳಿಜಾರು, ಕಲ್ಲು, ನೆರಳನ್ನೆಲ್ಲ ಗಣಿತಕ್ಕೆ ಹಾಕಿ, ಅಲ್ಲಿ ಯಾವ ಜೀವ ಎಷ್ಟಿರಬಹುದೆಂದು ಅದು ಹೇಳುತ್ತಿತ್ತು. ಹೆಚ್ಚಾದ ಹಕ್ಕಿಗಳು ಬಲೆಗೆ, ಹೆಚ್ಚಾದ ಮನುಷ್ಯರು ಪಟ್ಟಣದ ದೊಡ್ಡಿಗೆ. ಈ ಸಲ ಸಣ್ಣಬೋರಮ್ಮ ಒಬ್ಬಳೇ ವಾಸವಿದ್ದ ಗುಡ್ಡದ ಚೀಟಿಯಲ್ಲಿ ಗೌಜಲಹಕ್ಕಿ ನಲವತ್ತು, ಮನುಷ್ಯರು ಸೊನ್ನೆ ಎಂದಿತ್ತು.

ಜೀವಗಳನ್ನು ಎಣಿಸುವ ಕೆಲಸದ ತಿಪ್ಪೇಶ ಚಪ್ಪಲಿ ಹೊರಗೆ ಬಿಟ್ಟು ಬಂದು ಅವಳ ಪಕ್ಕ ಕೂತ. "ಅಜ್ಜಿ, ಹೋದ ವರ್ಷ ಆರೇ ಹಕ್ಕಿ ಇದ್ವು. ಈ ಸಲ ನಲವತ್ತು ಎಣಿಸ್ದೆ. ಏನು ಮಾಡಿದೆ?"

"ಬೇಸಿಗೇಲಿ ಗುಡ್ಡದಲ್ಲಿ ಹನಿ ನೀರಿರಲ್ಲ, ಬಾಯಾರ್ತವೆ ಅಂತ ಬೋಗುಣೀಲಿ ನೀರಿಟ್ಟೆ ಕಣಪ್ಪ. ತಪ್ಪಾ?"

"ನಿನ್ನ ಬೋಗುಣಿ ಮಾದರಿಗೆ ಗೊತ್ತಿಲ್ಲ. ಗುಡ್ಡವೇ ಸಾಕ್ತಿದೆ ಅಂದ್ಕೊಂಡು, ಹಕ್ಕಿಗೆ ಜಾಗ ಕೊಟ್ಟು ನಿನ್ನ ತೆಗೀತು." ಅವನು ದನಿ ತಗ್ಗಿಸಿದ. "ಬೋಗುಣಿ ವಿಷಯ ಬರೀಲಾ? ನೀನು ಇಲ್ಲೇ ಉಳೀತೀಯ. ಆದ್ರೆ ಗುಡ್ಡಕ್ಕೆ ಆರೇ ಅಂತಾಗಿ, ಮೂವತ್ತನಾಲ್ಕು ಹಕ್ಕಿ ಹೆಚ್ಚಾಗ್ತವೆ. ನಾಳೇನೇ ಬಲೆಯವರು ಬಂದು ಕುತ್ತಿಗೆ ಮುರೀತಾರೆ."

ಐವತ್ತು ವರ್ಷ ಬಾಳಿದ ಗುಡಿಸಲನ್ನು ಸಣ್ಣಬೋರಮ್ಮ ಒಮ್ಮೆ ನೋಡಿದಳು. ಬಂಡೆಯ ಬುಡದಲ್ಲಿ ಮರಿಗಳು ಸಾಲಾಗಿ ಬೋಗುಣಿಯ ನೀರಿಗೆ ಬರುತ್ತಿದ್ದವು.

"ಬರೀಬೇಡ," ಎಂದಳು. "ನನ್ನೇ ದೊಡ್ಡಿಗೆ ಬಿಡು."

ತಿಪ್ಪೇಶ ಕಣ್ಣೊರೆಸಿಕೊಂಡ. ಗಂಟು ಕಟ್ಟಿಕೊಟ್ಟ, ಕೈಹಿಡಿದು ಜೀಪು ಹತ್ತಿಸಿದ. ಆಮೇಲೆ ಓಡಿಹೋಗಿ ಬೋಗುಣಿಯ ನೀರು ಚೆಲ್ಲಿ, ಅದನ್ನು ತನ್ನ ಟವೆಲಿನಲ್ಲಿ ಸುತ್ತಿ, ಒಡೆಯದಂತೆ ಅವಳ ಮಡಿಲಲ್ಲಿಟ್ಟ.

"ಮನುಷ್ಯರ ಸಾಮಾನು ಒಂದೂ ಇಲ್ಲಿ ಉಳಿಯೋ ಹಾಗಿಲ್ಲ, ಅಜ್ಜಿ. ನಿನ್ನದು ನಿನ್ನ ಹತ್ರಾನೇ ಇರಲಿ."

ಜೀಪು ಹೊರಟಾಗ ಹಕ್ಕಿಗಳು ಒದ್ದೆ ನೆಲವನ್ನು ಕುಕ್ಕುತ್ತಿದ್ದವು.