ಬೋಗುಣಿಯ ಪೆಟ್ರೋಲು

"ಲೇ ಜಮೀರ, ಇದು ಗ್ಯಾರೇಜೋ ಬಚ್ಚಲಮನಿಯೋ? ಕಾರ್ಬುರೇಟರ್ ಯಾರರ ಪೆಟ್ರೋಲ್ ಬಿಟ್ಟು ಸಾಬೂನು ನೀರಾಗ ತೊಳೀತಾರೇನು? ಏಳನೇ ಕ್ಲಾಸಿಗೇ ಸಾಲಿ ಬಿಟ್ಟಾಂವಗ ಮತ್ತೇನ್ ತಿಳೀತೈತಿ!" ಬೈಕು ರಿಪೇರಿಗೆ ತಂದಿದ್ದ ಬಸವಂತರಾಯ ಹೀಗೆಂದಾಗ, ಆಳಂದದ ಜಮೀರನ ಮನೆಯಂಗಳದಲ್ಲಿ ಗಾಡಿ ರಿಪೇರಿಗೆ ಕಾದು ಕೂತವರೆಲ್ಲ ನಕ್ಕರು.

ಜಮೀರ ತಲೆ ಎತ್ತಲಿಲ್ಲ. ಬೋಗುಣಿಯ ಬಿಸಿನೀರಿನಲ್ಲಿ ಬ್ರಷ್ ಆಡಿಸುತ್ತಲೇ ಇದ್ದ. ಗಿಡ್ಡ ಗೋಡೆಯಾಚೆ ಅವನ ತಾಯಿ ಸುಲ್ತಾನಬಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಒಂದೇ ಕೈಯ ಬಡಿತ, ನಿಧಾನ. ಹೋದ ರಂಜಾನಿನಲ್ಲಿ ಇದೇ ಬೋಗುಣಿಯ ಪೆಟ್ರೋಲಿಗೆ ಆ ಒಲೆಯ ಕಿಡಿ ಹಾರಿತ್ತು. ಬೆಂಕಿ ಆರಿಸಲು ಓಡಿಬಂದವಳ ಎಡಗೈ ಬೆಂದು, ಬೆರಳುಗಳು ಮಡಚಿಕೊಂಡೇ ಉಳಿದಿದ್ದವು.

"ತಡಿ, ನಾನೇ ಕಲಿಸ್ತೇನಿ," ಎಂದು ಬಸವಂತರಾಯ ಸಾಬೂನು ನೀರನ್ನು ಚೆಲ್ಲಿ, ತನ್ನ ಬಾಟಲಿಯ ಪೆಟ್ರೋಲನ್ನು ಬೋಗುಣಿಗೆ ಸುರಿದ. "ಈಗ ನೋಡು, ಹ್ಯಾಂಗ ಚಕಾಚಕ್ ಆಗ್ತೈತಿ!"

ವಾಸನೆ ಅಂಗಳ ತುಂಬಿತು. ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ಜಮೀರ ಬೋಗುಣಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ನಗುತ್ತಿದ್ದವರ ನಡುವೆಯೇ ಹಾದು ಊರಾಚೆಯ ಬಯಲಿನ ಕಡೆ ಹೊರಟ.

"ಲೇ, ನನ್ನ ಕಾರ್ಬುರೇಟರ್ ಅದರಾಗೈತಲೇ! ಎಲ್ಲಿಗಿ ಒಯ್ಯಾಕತ್ತೀ?"

ಜಮೀರ ಬೋಗುಣಿ ತುಳುಕದಂತೆ ಹಿಡಿದು ನಡೆದೇ ಹೋದ.